ಗುರುಗುಂಟಾದ ಸೊನ್ನೆ: ಮೆಮೊರಿ ನಕಲು ಯಾವ ತುದಿಯಿಂದ ಶುರುವಾಗಬೇಕು?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ವಿಷಯ ಕೇಳಿದ್ರೆ ಮೊದಲು ಸ್ವಲ್ಪ ಗಾಬರಿ ಆಗಬಹುದು. ಆಪರೇಟಿಂಗ್ ಸಿಸ್ಟಮ್ ಒಳಗೆ ಮೆಮೊರಿಯ ಒಂದು ತುಂಡನ್ನ ಇನ್ನೊಂದು ಕಡೆ ನಕಲು ಮಾಡೋದು ಹೇಗೆ, ಅದರಲ್ಲೂ ಆ ಎರಡು ಜಾಗ ಒಂದರ ಮೇಲೊಂದು ಹಾಯ್ದಿದ್ದರೆ ಏನಾಗುತ್ತೆ ಅನ್ನೋದು. ಇಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಓದ್ತಿರೋರಿಗೆ ಸಿ ಭಾಷೆಯ ಪಾಠದಲ್ಲಿ ಎರಡು ಹೆಸರು ಬಂದಿರುತ್ತೆ: ಮೆಮ್‌ಕಾಪಿ ಮತ್ತು ಮೆಮ್‌ಮೂವ್. ಎರಡೂ ಒಂದೇ ಕೆಲಸ ಮಾಡ್ತವಲ್ಲ, ಎರಡು ಯಾಕೆ ಅಂತ ಅನಿಸಿರುತ್ತೆ. ಪರೀಕ್ಷೆಗೆ ಎರಡು ಸಾಲಿನ ಉತ್ತರ ಬರೆದು ಮುಂದೆ ಹೋಗಿರ್ತೀರಿ. ಆ ಎರಡು ಸಾಲಿನ ಹಿಂದೆ ಇರೋ ಕಥೆ ಇವತ್ತು.

ಉದಾಹರಣೆಗೆ ದೂರ ಹೋಗೋದು ಬೇಡ. ನಮ್ಮ ಲಿಂಗಸುಗೂರು ತಾಲೂಕಿನ ಗುರುಗುಂಟಾ ಊರಿನ ಹೆಸರನ್ನೇ ತಗೊಳ್ಳೋಣ.

ಒಂದು ಹೆಸರು, 27 ಬೈಟು

ಫೋನಲ್ಲಿ ‘ಗುರುಗುಂಟಾ’ ಅಂತ ಟೈಪ್ ಮಾಡ್ರಿ. ಕಣ್ಣಿಗೆ ಕಾಣೋದು ನಾಲ್ಕು ಅಕ್ಷರ: ಗು, ರು, ಗುಂ, ಟಾ. ಆದ್ರೆ ಯುನಿಕೋಡ್ ಲೆಕ್ಕದಲ್ಲಿ ಅಲ್ಲಿ ಒಂಬತ್ತು ಸಂಕೇತ ಇವೆ. ಗ, ಉಕಾರ, ರ, ಉಕಾರ, ಗ, ಉಕಾರ, ಸೊನ್ನೆ, ಟ, ಕೊನೆಗೆ ಆಕಾರ. ವ್ಯಾಕರಣದಲ್ಲಿ ಅನುಸ್ವಾರ ಅಂತೀವಲ್ಲ, ಅದೇ ಸೊನ್ನೆ. ಅದಕ್ಕೂ ಒಂದು ಸ್ವಂತ ಸಂಖ್ಯೆ ಇದೆ.

ಈ ಸಂಕೇತಗಳನ್ನು ಫೈಲಿನಲ್ಲಿ ಇಡೋಕೆ, ಇಂಟರ್‌ನೆಟ್‌ನಲ್ಲಿ ಕಳಿಸೋಕೆ ಹೆಚ್ಚಾಗಿ ಬಳಸೋ ಪದ್ಧತಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಂದ್ರೆ ಗುರುಗುಂಟಾ ಅನ್ನೋ ಹೆಸರಿಗೆ ಒಂಬತ್ತು ಮೂರಲೇ 27 ಬೈಟ್. ಮೆಮೊರಿಯನ್ನು ಒಂದು ಉದ್ದನೆಯ ಮನೆಗಳ ಸಾಲು ಅಂತ ಅಂದುಕೊಂಡರೆ, ಈ ಹೆಸರು 0ರಿಂದ 26ರವರೆಗಿನ ಮನೆಗಳಲ್ಲಿ ಕೂತಿದೆ.

ಈಗ ಯಾರೋ ಅವಸರದಲ್ಲಿ ಸೊನ್ನೆ ಬಿಟ್ಟು ‘ಗುರುಗುಟಾ’ ಅಂತ ಬರೆದಿದ್ದಾರೆ ಅಂದುಕೊಳ್ರಿ. ಎಂಟು ಸಂಕೇತ, 24 ಬೈಟ್. ತಪ್ಪು ಕಾಣಿಸ್ತು, ಕರ್ಸರ್ ನಡುವೆ ಇಟ್ಟು ಸೊನ್ನೆ ಒತ್ತಿದರು. ಪರದೆ ಮೇಲೆ ಸೊನ್ನೆ ಬಂದು ಕೂರುತ್ತೆ, ‘ಟಾ’ ಸ್ವಲ್ಪ ಬಲಕ್ಕೆ ಸರಿಯುತ್ತೆ. ನಮಗೆ ಇಷ್ಟೇ ಕಾಣೋದು.

ಒಳಗೆ ಆಗಬೇಕಾದ್ದು ಏನು? ‘ಟ’ 18, 19, 20ನೇ ಮನೆಯಲ್ಲಿದೆ. ಆಕಾರ 21, 22, 23ರಲ್ಲಿದೆ. ಸೊನ್ನೆಗೆ 18, 19, 20 ಬೇಕು. ಹಾಗಾಗಿ 18ರಿಂದ 23ರವರೆಗಿನ ಆರು ಬೈಟುಗಳನ್ನು ಮೂರು ಮನೆ ಮುಂದಕ್ಕೆ, 21ರಿಂದ 26ಕ್ಕೆ ನಕಲು ಮಾಡಬೇಕು. ಮೂಲ ಜಾಗ 18ರಿಂದ 23, ಹೊಸ ಜಾಗ 21ರಿಂದ 26. ನಡುವಿನ 21, 22, 23 ಎರಡರಲ್ಲೂ ಇವೆ. ಇದನ್ನೇ ಹಾಯ್ದ ಮೆಮೊರಿ ಅಂತ ಕರೀತೀನಿ. ತಕರಾರು ಇರೋದೇ ಈ ಮೂರು ಮನೆಗಳಲ್ಲಿ.

ಎಡದಿಂದ ಶುರು ಮಾಡಿದರೆ

ಸಿ ಕಲಿತವರು ನಕಲು ಮಾಡೋ ಲೂಪ್ ಬರೆಯೋದು ಹೇಗೆ? ಮೊದಲ ಬೈಟಿನಿಂದ ಶುರು ಮಾಡಿ ಒಂದೊಂದೇ ಮುಂದಕ್ಕೆ. ಬರೆದು ನೋಡೋಣ.

18ರಲ್ಲಿ ಇರೋದನ್ನ 21ಕ್ಕೆ ಬರೆದೆ. 19ರದ್ದನ್ನ 22ಕ್ಕೆ. 20ರದ್ದನ್ನ 23ಕ್ಕೆ. ಮೂರು ಹೆಜ್ಜೆ ಆಯ್ತು, ‘ಟ’ ಹೊಸ ಜಾಗಕ್ಕೆ ಬಂತು. ಆದ್ರೆ 21, 22, 23ರಲ್ಲಿ ಆಕಾರ ಇತ್ತಲ್ಲ, ಅದು ಎಲ್ಲಿ? ಅದರ ಮೇಲೆ ‘ಟ’ ಬರೆದುಬಿಟ್ಟಿದ್ದೀವಿ. ಅದನ್ನ ಇನ್ನೂ ನಕಲು ಮಾಡಿಕೊಂಡೇ ಇರಲಿಲ್ಲ.

ಲೂಪಿಗೆ ಇದೇನೂ ಗೊತ್ತಿಲ್ಲ. ಅದು ಮುಂದುವರಿಯುತ್ತೆ. 21ರದ್ದನ್ನ 24ಕ್ಕೆ, 22ರದ್ದನ್ನ 25ಕ್ಕೆ, 23ರದ್ದನ್ನ 26ಕ್ಕೆ. ಅಲ್ಲಿ ಈಗ ಇರೋದು ‘ಟ’ ತಾನೇ, ಅದೇ ಮತ್ತೊಮ್ಮೆ ಹೋಯ್ತು. ಕೊನೆಗೆ 18, 19, 20ರಲ್ಲಿ ಸೊನ್ನೆ ಬರೆದರೆ ನಿಮಗೆ ಸಿಗೋದು ‘ಗುರುಗುಂಟಟ’. ದೀರ್ಘ ಹೋಯ್ತು, ಒಂದು ‘ಟ’ ಹೆಚ್ಚಾಯ್ತು. ಪ್ರೋಗ್ರಾಂ ನಿಲ್ಲಲಿಲ್ಲ, ತಪ್ಪು ಅಂತ ಸಂದೇಶ ಬರಲಿಲ್ಲ.

ಈಗ ಬಲ ತುದಿಯಿಂದ ಮಾಡಿ ನೋಡ್ರಿ. ಮೊದಲು 23ರದ್ದು 26ಕ್ಕೆ, 22ರದ್ದು 25ಕ್ಕೆ, 21ರದ್ದು 24ಕ್ಕೆ. ಆಕಾರ ಸುರಕ್ಷಿತವಾಗಿ ಹೊಸ ಜಾಗ ಸೇರಿತು. ಆಮೇಲೆ 20, 19, 18ರದ್ದು 23, 22, 21ಕ್ಕೆ. ‘ಟ’ ಕೂಡ ಬಂತು. ಸೊನ್ನೆ ಬರೆದರೆ ‘ಗುರುಗುಂಟಾ’. ಅದೇ ಆರು ಬೈಟ್, ಅದೇ ಆರು ಹೆಜ್ಜೆ. ಬದಲಾದದ್ದು ದಿಕ್ಕು ಮಾತ್ರ.

ಅಮರೇಶ್ವರ ಜಾತ್ರೆಯಲ್ಲಿ ಊಟದ ಪಂಕ್ತಿ ನೆನೆಸಿಕೊಳ್ರಿ. ಎಲ್ಲರೂ ಒತ್ತೊತ್ತಾಗಿ ಕೂತಿದ್ದಾರೆ. ನಡುವೆ ಒಬ್ಬರಿಗೆ ಜಾಗ ಬೇಕು. ‘ಸ್ವಲ್ಪ ಸರೀರಿ’ ಅಂದ್ರೆ ಮೊದಲು ಸರಿಯಬೇಕಾದವರು ಯಾರು? ತುದಿಯಲ್ಲಿ ಕೂತವರು. ಅವರು ಸರಿದರೆ ಪಕ್ಕದವರು, ಅವರು ಸರಿದರೆ ಅವರ ಪಕ್ಕದವರು. ನಡುವಿನವರೇ ಮೊದಲು ಸರಿಯೋಕೆ ಹೋದ್ರೆ ಪಕ್ಕದವರ ತೊಡೆ ಮೇಲೆ ಕೂತ ಹಾಗೆ. ವ್ಯತ್ಯಾಸ ಇಷ್ಟೇ: ಮನುಷ್ಯರಾದ್ರೆ ‘ಏ ನೋಡ್ಕೊಂಡು’ ಅಂತ ಕೂಗ್ತಾರೆ. ಬೈಟ್ ಕೂಗಲ್ಲ, ಅಳಿಸಿಹೋಗುತ್ತೆ.

ಹಾಗಿದ್ರೆ ಯಾವಾಗಲೂ ಬಲ ತುದಿಯಿಂದಲೇ ಮಾಡಿದ್ರೆ ಆಯ್ತಲ್ಲ ಅಂತ ಕೇಳಬಹುದು. ಆಗಲ್ಲ. ಸೊನ್ನೆ ಅಳಿಸಬೇಕು ಅಂದುಕೊಳ್ರಿ. ಆಗ 21ರಿಂದ 26ರವರೆಗಿನ ಬೈಟುಗಳು ಹಿಂದಕ್ಕೆ, 18ರಿಂದ 23ಕ್ಕೆ ಬರಬೇಕು. ಈಗ ಬಲದಿಂದ ಶುರು ಮಾಡಿದರೆ ಆಕಾರ ಬಂದು ‘ಟ’ದ ಮೇಲೆ ಕೂರುತ್ತೆ, ‘ಟ’ ಪೂರ್ತಿ ಮಾಯ. ಹಿಂದಕ್ಕೆ ಸರಿಸುವಾಗ ಎಡ ತುದಿಯಿಂದ, ಮುಂದಕ್ಕೆ ಸರಿಸುವಾಗ ಬಲ ತುದಿಯಿಂದ. ಇಷ್ಟೇ ನಿಯಮ.

ಎರಡು ಹೆಸರು ಯಾಕೆ?

ಈಗ ಮೆಮ್‌ಕಾಪಿ, ಮೆಮ್‌ಮೂವ್ ವ್ಯತ್ಯಾಸ ಒಂದೇ ಮಾತಲ್ಲಿ ಹೇಳಬಹುದು. ಮೆಮ್‌ಮೂವ್ ಈ ದಿಕ್ಕಿನ ವಿಚಾರ ನೋಡಿಕೊಳ್ಳುತ್ತೆ. ಮೆಮ್‌ಕಾಪಿ ನೋಡಿಕೊಳ್ಳಲೇಬೇಕು ಅಂತಿಲ್ಲ. ‘ಎರಡು ಜಾಗ ಹಾಯ್ದಿಲ್ಲ ಅಂತ ನೀನು ಮಾತು ಕೊಟ್ಟಿದ್ದೀಯ, ಹಾಗಾಗಿ ನಾನು ಯಾವ ಕ್ರಮದಲ್ಲಾದ್ರೂ ನಕಲು ಮಾಡ್ತೀನಿ’ ಅನ್ನೋದು ಅದರ ಷರತ್ತು. 1989ರ ಸಿ ಮಾನಕದಲ್ಲೇ ಈ ಎರಡೂ ಇವೆ. ಮಾತು ತಪ್ಪಿದರೆ ಫಲಿತಾಂಶ ಏನು ಅಂತ ಮಾನಕ ಹೇಳೋದೇ ಇಲ್ಲ. ಸರಿಯಾಗೂ ಬರಬಹುದು, ‘ಗುರುಗುಂಟಟ’ವೂ ಆಗಬಹುದು. 1999ರ ಮಾನಕದಲ್ಲಿ ಈ ಮಾತನ್ನ ಮೆಮ್‌ಕಾಪಿಯ ಘೋಷಣೆಯಲ್ಲೇ ‘ರಿಸ್ಟ್ರಿಕ್ಟ್’ ಅನ್ನೋ ಪದದಿಂದ ಬರೆದಿಟ್ಟರು.

ಮೆಮ್‌ಮೂವ್ ದಿಕ್ಕು ಹೇಗೆ ಆರಿಸುತ್ತೆ? ಒಂದು ಸುಲಭ ದಾರಿ: ಎಲ್ಲವನ್ನೂ ಮೊದಲು ಒಂದು ತಾತ್ಕಾಲಿಕ ಜಾಗಕ್ಕೆ ತೆಗೆದಿಟ್ಟು, ಅಲ್ಲಿಂದ ಹೊಸ ಜಾಗಕ್ಕೆ ಬರೆಯೋದು. ಮನೆಗೆ ಸುಣ್ಣ ಹೊಡೆಯುವಾಗ ಸಾಮಾನೆಲ್ಲ ಪಡಸಾಲೆಗೆ ಹಾಕಿದ ಹಾಗೆ. ಮಾಮೂಲಿ ಆಪ್‌ನಲ್ಲಿ ಇದು ನಡೆದೀತು. ಕರ್ನಲ್‌ನಲ್ಲಿ, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ, ಅಷ್ಟು ದೊಡ್ಡ ಪಡಸಾಲೆ ಇಲ್ಲ. 64 ಬಿಟ್ ಇಂಟೆಲ್ ಮಾದರಿ ಯಂತ್ರಗಳಲ್ಲಿ ಲಿನಕ್ಸ್ ಕರ್ನಲ್ ಪ್ರತಿ ಕೆಲಸಕ್ಕೆ ಕೊಡೋ ಸ್ಟ್ಯಾಕ್ 16 ಕಿಲೋಬೈಟ್ ಮಾತ್ರ. ಹೊಸ ಮೆಮೊರಿ ಕೇಳೋಣ ಅಂದ್ರೆ, ಮೆಮೊರಿ ಹಂಚೋ ಕೋಡೇ ಮೆಮ್‌ಮೂವ್ ಬಳಸುತ್ತಿರಬಹುದು. ಹಾಗಾಗಿ ದಿಕ್ಕು ನೋಡೋದೇ ದಾರಿ.

ಹೊಸ ವಿಳಾಸ ಮೂಲಕ್ಕಿಂತ ಹಿಂದೆ ಇದ್ದರೆ ಎಡದಿಂದ ನಕಲು. ಮುಂದೆ ಇದ್ದರೆ ಬಲದಿಂದ. ಲಿನಕ್ಸ್ ಕರ್ನಲ್‌ನ ಸಾಮಾನ್ಯ ಮೆಮ್‌ಮೂವ್ ಇಷ್ಟೇ ಮಾಡುತ್ತೆ, ಹತ್ತಿಪ್ಪತ್ತು ಸಾಲಿನ ಕೋಡ್. ಜಿಲಿಬ್‌ಸಿ ಅನ್ನೋ ಲೈಬ್ರರಿಯ ಸಾಮಾನ್ಯ ಆವೃತ್ತಿಯಲ್ಲಿ ಒಂದು ಜಾಣ ಲೆಕ್ಕ ಇದೆ. ಹೊಸ ವಿಳಾಸದಿಂದ ಮೂಲ ವಿಳಾಸ ಕಳೀರಿ. ಉತ್ತರವನ್ನ ಋಣ ಚಿಹ್ನೆ ಇಲ್ಲದ ಸಂಖ್ಯೆ ಅಂತ ಓದ್ರಿ. ಅದು ನಕಲಿನ ಉದ್ದಕ್ಕಿಂತ ಕಡಿಮೆ ಇದ್ರೆ ಮಾತ್ರ ಬಲದಿಂದ ಶುರು. ನಮ್ಮ ಉದಾಹರಣೆಯಲ್ಲಿ 21ರಲ್ಲಿ 18 ಕಳೆದರೆ 3. ಉದ್ದ 6. 3 ಕಡಿಮೆ, ಹಾಗಾಗಿ ಬಲದಿಂದ. ಅಳಿಸುವಾಗ 18ರಲ್ಲಿ 21 ಕಳೀಬೇಕು, ಋಣ 3. ಚಿಹ್ನೆ ಇಲ್ಲದೆ ಓದಿದರೆ ಕಂಪ್ಯೂಟರಿಗೆ ಅದು ಭಾರಿ ದೊಡ್ಡ ಸಂಖ್ಯೆ. ಹಾಗಾಗಿ ಎಡದಿಂದ. ಒಂದು ಕಳೆಯೋ ಲೆಕ್ಕ, ಒಂದು ಹೋಲಿಕೆ, ಮುಗೀತು.

ಕರ್ನಲ್ ಒಳಗೆ ಎಲ್ಲೆಲ್ಲಿ ಬೇಕಾಗುತ್ತೆ

ಕನ್ನಡ ಟೈಪಿಂಗ್ ಬರೀ ವಿವರಿಸೋಕೆ ಅಂತ ಬಳಸಿದೆ. ಎಲ್ಲಾ ಆಪ್‌ಗಳೂ ಅಕ್ಷರಗಳನ್ನ ಹೀಗೇ ಇಡಲ್ಲ, ಬೇರೆ ಬೇರೆ ಪದ್ಧತಿ ಇವೆ. ಆದ್ರೆ ‘ನಡುವೆ ಜಾಗ ಮಾಡು, ಉಳಿದದ್ದನ್ನ ಸರಿಸು’ ಅನ್ನೋ ಕೆಲಸ ಕರ್ನಲ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಬರುತ್ತೆ.

ಎಂಐಟಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಕಲಿಸೋಕೆ ಬರೆದ ಎಕ್ಸ್‌ವಿ6 ಅನ್ನೋ ಪುಟ್ಟ ಸಿಸ್ಟಮ್ ಇದೆ. ಅದರ ಇಂಟೆಲ್ ಆವೃತ್ತಿಯಲ್ಲಿ ಪರದೆ ಅಂದ್ರೆ 25 ಸಾಲು, ಸಾಲಿಗೆ 80 ಅಕ್ಷರ, ಪ್ರತಿ ಅಕ್ಷರಕ್ಕೆ ಎರಡು ಬೈಟ್: ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಪರದೆ ತುಂಬಿದಾಗ ಎಲ್ಲಾ ಸಾಲುಗಳು ಒಂದು ಸಾಲು ಮೇಲಕ್ಕೆ ಹೋಗಬೇಕು. ಅಲ್ಲಿ ಕರೆಯೋದು ಮೆಮ್‌ಮೂವ್ ಅನ್ನೇ. 23 ಸಾಲು, 80 ಅಕ್ಷರ, 2 ಬೈಟ್, ಒಟ್ಟು 3680 ಬೈಟುಗಳನ್ನ 160 ಬೈಟ್ ಹಿಂದಕ್ಕೆ ಸರಿಸುತ್ತೆ. ಇದನ್ನೇ ಉಲ್ಟಾ ಮಾಡಿ, ಎಲ್ಲಾ ಸಾಲನ್ನ ಕೆಳಕ್ಕೆ ಸರಿಸುವಾಗ ತಪ್ಪು ತುದಿಯಿಂದ ಶುರು ಮಾಡಿದ್ರೆ? ಮೊದಲ ಸಾಲು ಎರಡನೆಯದರ ಮೇಲೆ, ಆ ಎರಡನೆಯದು ಮೂರನೆಯದರ ಮೇಲೆ, ಹೀಗೆ ಇಡೀ ಪರದೆ ತುಂಬ ಮೊದಲ ಸಾಲೇ. ಎಕ್ಸ್‌ವಿ6 ಬರೆದವರು ಇನ್ನೊಂದು ಕೆಲಸ ಮಾಡಿದ್ದಾರೆ: ಅವರ ಮೆಮ್‌ಕಾಪಿ ಒಳಗೆ ಮೆಮ್‌ಮೂವ್ ಅನ್ನೇ ಕರೆಯುತ್ತೆ. ತಪ್ಪಿಗೆ ದಾರಿಯೇ ಇಲ್ಲ.

ಪರದೆ ಕೆಟ್ಟರೆ ಕಣ್ಣಿಗೆ ಕಾಣುತ್ತೆ. ಡಿಸ್ಕ್ ಕೆಟ್ಟರೆ ಕಾಣಲ್ಲ. ಲಿನಕ್ಸ್‌ನಲ್ಲಿ, ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲೂ, ಫೈಲುಗಳನ್ನ ಇಡೋಕೆ ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್ ಬಳಸ್ತಾರೆ. ನಿಮ್ಮ ಒಂದು ವಿಡಿಯೊ ಡಿಸ್ಕಿನ ಬೇರೆ ಬೇರೆ ಕಡೆ ತುಂಡಾಗಿ ಕೂತಿರಬಹುದು. ಯಾವ ತುಂಡು ಎಲ್ಲಿದೆ ಅಂತ ಒಂದು ಪಟ್ಟಿ ಇರುತ್ತೆ, ಪ್ರತಿ ದಾಖಲೆ 12 ಬೈಟ್, ಎಲ್ಲಾ ಕ್ರಮವಾಗಿ. ನಡುವೆ ಹೊಸ ದಾಖಲೆ ಸೇರಿಸಬೇಕಾದಾಗ ಮುಂದಿನವನ್ನ ಒಂದು ಸ್ಥಾನ ಬಲಕ್ಕೆ ಸರಿಸಬೇಕು. ನೋಡ್ರಿ, ಇದು ಗುರುಗುಂಟಾಕ್ಕೆ ಸೊನ್ನೆ ಸೇರಿಸಿದ ಹಾಗೇ. ಅಲ್ಲಿನ ಕೋಡ್ ಬಳಸೋದು ಮೆಮ್‌ಮೂವ್. ಅದರ ಬದಲು ಎಡದಿಂದ ಒಂದೊಂದೇ ಬೈಟ್ ನಕಲು ಮಾಡಿದ್ದರೆ, ಸರಿಸಬೇಕಾದ ಮೊದಲ ದಾಖಲೆಯೇ ಮುಂದೆ ಎಲ್ಲಾ ಕಡೆ ಕೂರುತ್ತಿತ್ತು. ಉಳಿದ ತುಂಡುಗಳು ಎಲ್ಲಿವೆ ಅನ್ನೋ ಲೆಕ್ಕವೇ ಅಳಿಸಿಹೋಗುತ್ತಿತ್ತು. ಮದುವೆ ವಿಡಿಯೊದ ಅರ್ಧ ಭಾಗ ಡಿಸ್ಕಿನಲ್ಲೇ ಇದ್ದೂ ಸಿಗದ ಹಾಗೆ.

2010: ಹಾಡು ಯಾಕೆ ಕರಕರ ಅಂತು

‘ನನ್ನ ಕಂಪ್ಯೂಟರಲ್ಲಿ ಮೆಮ್‌ಕಾಪಿ ಹಾಕಿದರೂ ಸರಿಯಾಗೇ ಬರುತ್ತಲ್ಲ’ ಅಂತ ಹೇಳೋರು ಇದ್ದೇ ಇರ್ತೀರಿ. ನಿಜ, ಎಷ್ಟೋ ಸಲ ಬರುತ್ತೆ. ಅದಕ್ಕೆ ಕಾರಣಾನೂ ಇದೆ. ಆರು ಬೈಟಿನಂಥ ಸಣ್ಣ ನಕಲಿಗೆ ಇವತ್ತಿನ ಮೆಮ್‌ಕಾಪಿ ಒಂದೊಂದೇ ಬೈಟ್ ಎತ್ತಲ್ಲ. ಎಲ್ಲವನ್ನೂ ಮೊದಲು ಪ್ರೊಸೆಸರಿನ ರಿಜಿಸ್ಟರುಗಳಿಗೆ ಓದಿಕೊಂಡು, ಆಮೇಲೆ ಬರೆಯುತ್ತೆ. ಆಗ ಹಾಯ್ದಿದ್ದರೂ ತೊಂದರೆ ಆಗಲ್ಲ. ಉದ್ದ ಜಾಸ್ತಿ ಆದಾಗ, ಇಲ್ಲಾ ಪ್ರೊಸೆಸರ್ ಬದಲಾದಾಗ, ಇಲ್ಲಾ ಲೈಬ್ರರಿ ಹೊಸದಾದಾಗ ಬಣ್ಣ ಬಯಲಾಗುತ್ತೆ. 2010ರಲ್ಲಿ ಆದದ್ದು ಇದೇ.

ಆ ವರ್ಷ ನವೆಂಬರ್‌ನಲ್ಲಿ ಫೆಡೋರಾ 14 ಅನ್ನೋ ಲಿನಕ್ಸ್ ಆವೃತ್ತಿ ಬಂತು. ಅದು ಬರೋ ಹೊತ್ತಿಗೆ ಬಳಕೆದಾರರಿಂದ ಒಂದು ದೂರು: 64 ಬಿಟ್ ಯಂತ್ರಗಳಲ್ಲಿ ಫ್ಲ್ಯಾಶ್ ಬಳಸೋ ವೆಬ್‌ಸೈಟುಗಳಲ್ಲಿ ಹಾಡು ಹಾಕಿದರೆ ಧ್ವನಿ ವಿಚಿತ್ರವಾಗಿ ಕೆಡ್ತಿದೆ. ಅಡೋಬಿಯ ಫ್ಲ್ಯಾಶ್ ಆಗ ಎಲ್ಲಾ ಕಡೆ ಇತ್ತು, ವಿಡಿಯೊ, ಹಾಡು ಎಲ್ಲ ಅದರ ಮೇಲೇ.

ಹುಡುಕಿದಾಗ ಸಿಕ್ಕಿದ್ದು ಇದು. ಜಿಲಿಬ್‌ಸಿಯಲ್ಲಿ ಹೊಸ ಪ್ರೊಸೆಸರುಗಳಿಗೆ ವೇಗ ಸಿಗಲಿ ಅಂತ ಮೆಮ್‌ಕಾಪಿಯನ್ನ ಹೊಸದಾಗಿ ಬರೆದಿದ್ದರು. ಆ ಹೊಸ ಕೋಡ್ ಕೆಲವು ಸಂದರ್ಭಗಳಲ್ಲಿ ಬಲ ತುದಿಯಿಂದ ನಕಲು ಮಾಡ್ತಿತ್ತು. ಷರತ್ತಿನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ, ಯಾವ ಕ್ರಮವಾದರೂ ಸರಿ ಅಂತ ಮೊದಲೇ ಹೇಳಿದೆ. ಆದ್ರೆ ಫ್ಲ್ಯಾಶ್ ಒಳಗೆ ಎಲ್ಲೋ ಹಾಯ್ದ ಮೆಮೊರಿಗೆ ಮೆಮ್‌ಕಾಪಿ ಬಳಸಿದ್ದರು. ಅಲ್ಲಿಯವರೆಗೆ ಎಡದಿಂದ ನಕಲಾಗ್ತಿತ್ತು, ಅವರಿಗೆ ಬೇಕಾದ ದಿಕ್ಕೂ ಅದೇ ಆಗಿತ್ತು. ದಿಕ್ಕು ಬದಲಾದ ಕೂಡಲೇ ಧ್ವನಿಯ ತುಣುಕುಗಳು ಒಂದರ ಮೇಲೊಂದು ಬಿದ್ದವು.

ಆಮೇಲೆ ಶುರುವಾದದ್ದು ಜಗಳ. ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಸ್ವತಃ ಆ ದೂರಿನ ಚರ್ಚೆಗೆ ಇಳಿದರು. ತಪ್ಪು ಫ್ಲ್ಯಾಶ್‌ನದ್ದೇ ಇರಬಹುದು, ಆದ್ರೆ ನಿನ್ನೆ ಕೇಳ್ತಿದ್ದ ಹಾಡು ಇವತ್ತು ಕೆಟ್ಟರೆ ಬಳಕೆದಾರನಿಗೆ ಮಾನಕದ ಪುಟ ತೋರಿಸಿ ಏನು ಪ್ರಯೋಜನ ಅನ್ನೋದು ಅವರ ವಾದದ ಸಾರ. ಎದುರಿನವರ ವಾದ: ಷರತ್ತು ಬರೆದಿಟ್ಟಿದೆ, ಮುರಿದವರು ಸರಿಮಾಡಿಕೊಳ್ಳಲಿ. ಇಲ್ಲದಿದ್ದರೆ ಲೈಬ್ರರಿಯನ್ನ ಯಾವತ್ತೂ ಸುಧಾರಿಸೋಕೇ ಆಗಲ್ಲ.

ನನಗೆ ಎರಡೂ ಕಡೆ ನ್ಯಾಯ ಕಾಣುತ್ತೆ. ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ಒಂದು ರಾಜಿ ಸೂತ್ರ ಬಂತು. ಮೊದಲೇ ತಯಾರಾಗಿದ್ದ ಹಳೆಯ ಪ್ರೋಗ್ರಾಂಗಳು ಮೆಮ್‌ಕಾಪಿ ಕೇಳಿದ್ರೆ ಒಳಗೆ ಮೆಮ್‌ಮೂವ್ ರೀತಿ ನಡೆದುಕೊಳ್ಳೋ ಕೋಡ್ ಸಿಗುತ್ತೆ. ಹೊಸದಾಗಿ ಕಂಪೈಲ್ ಮಾಡಿದವಕ್ಕೆ ಹೊಸ ಮೆಮ್‌ಕಾಪಿ. ಹಳಬರ ಮನೆ ಮುರಿಯಲಿಲ್ಲ, ಹೊಸಬರಿಗೆ ಷರತ್ತು ಸಡಿಲಿಸಲೂ ಇಲ್ಲ.

2008: ದಿಕ್ಕಿನ ಬಾವುಟ

ಇನ್ನೊಂದು ಘಟನೆ ಇನ್ನೂ ಆಳದ್ದು. ಇಂಟೆಲ್ ಮಾದರಿ ಪ್ರೊಸೆಸರಿನಲ್ಲಿ ಸಾಲು ಸಾಲು ಬೈಟ್ ನಕಲು ಮಾಡೋಕೆ ಒಂದು ವಿಶೇಷ ಆಜ್ಞೆ ಇದೆ. ಅದು ಎಡದಿಂದ ಬಲಕ್ಕೆ ಹೋಗಬೇಕೋ ಬಲದಿಂದ ಎಡಕ್ಕೋ ಅಂತ ಹೇಳೋದು ಒಂದೇ ಒಂದು ಬಿಟ್, ಡೈರೆಕ್ಷನ್ ಫ್ಲ್ಯಾಗ್. ದಿಕ್ಕಿನ ಬಾವುಟ ಅನ್ನೋಣ. ಮಾಮೂಲಾಗಿ ಬಾವುಟ ಇಳಿದಿರಬೇಕು, ಅಂದ್ರೆ ಎಡದಿಂದ. ಮೆಮ್‌ಮೂವ್‌ಗೆ ಬಲದಿಂದ ಬೇಕಾದ್ರೆ ಬಾವುಟ ಏರಿಸಿ, ಕೆಲಸ ಮುಗಿಸಿ, ಮತ್ತೆ ಇಳಿಸಬೇಕು. ಒಂದು ಫಂಕ್ಷನ್ ಶುರುವಾಗುವಾಗ ಬಾವುಟ ಇಳಿದೇ ಇರಬೇಕು ಅನ್ನೋದು ಎಲ್ಲರೂ ಒಪ್ಪಿದ ಲಿಖಿತ ನಿಯಮ.

ಜಿಸಿಸಿ ಕಂಪೈಲರ್ ಮೊದಲೆಲ್ಲಾ ನಿಯಮ ಇದ್ದರೂ ಪ್ರತಿ ಸಲ ‘ಎದಕ್ಕೂ ಇರಲಿ’ ಅಂತ ಬಾವುಟ ಇಳಿಸೋ ಆಜ್ಞೆ ಹಾಕ್ತಿತ್ತು. 2008ರ ಮಾರ್ಚ್‌ನಲ್ಲಿ ಬಂದ ಜಿಸಿಸಿ 4.3ರಲ್ಲಿ ಅದನ್ನ ಬಿಟ್ಟರು. ನಿಯಮ ಇದೆಯಲ್ಲ, ಮತ್ತೆ ಮತ್ತೆ ಯಾಕೆ ಅಂತ. ಆಗ ಹೊರಬಿತ್ತು ಲಿನಕ್ಸ್ ಕರ್ನಲ್‌ನ ಒಂದು ಹಳೇ ಹುಳುಕು. ಮೆಮ್‌ಮೂವ್ ಬಾವುಟ ಏರಿಸಿ ಅರ್ಧ ನಕಲು ಮಾಡಿರುವಾಗ ಪ್ರೋಗ್ರಾಂಗೆ ಒಂದು ಸಿಗ್ನಲ್ ಬಂತು ಅಂದುಕೊಳ್ರಿ. ಕರ್ನಲ್ ಆ ಕೆಲಸ ತಡೆದು ಸಿಗ್ನಲ್ ನೋಡಿಕೊಳ್ಳೋ ಫಂಕ್ಷನ್ನನ್ನ ಕರೆಯುತ್ತೆ. ಕರೆಯೋ ಮುಂಚೆ ಬಾವುಟ ಇಳಿಸಬೇಕಿತ್ತು, ಕರ್ನಲ್ ಇಳಿಸ್ತಿರಲಿಲ್ಲ. ಆ ಫಂಕ್ಷನ್ ಒಳಗೆ ಏನಾದ್ರೂ ನಕಲು ಇದ್ದರೆ ಅದು ಉಲ್ಟಾ ದಿಕ್ಕಿಗೆ ಹೊರಟು, ಯಾರದ್ದೋ ಮೆಮೊರಿ ಮೇಲೆ ಬರೆಯುತ್ತಿತ್ತು. ಕರ್ನಲ್‌ನಲ್ಲಿ ಸರಿ ಮಾಡಿದರು. ಆದ್ರೆ ಹಳೇ ಕರ್ನಲ್ ಇದ್ದ ಯಂತ್ರಗಳಲ್ಲಿ ಹೊಸ ಕಂಪೈಲರ್‌ನ ಪ್ರೋಗ್ರಾಂ ಓಡಿಸೋರ ಗತಿ ಏನು ಅನ್ನೋ ಚರ್ಚೆ ಅಲ್ಲೂ ನಡೀತು.

ಎರಡೂ ಕಥೆ ಪಕ್ಕ ಪಕ್ಕ ಇಟ್ಟು ನೋಡ್ರಿ. ಎರಡರಲ್ಲೂ ತಪ್ಪು ಹಳೇದು. ಬೇರೆ ಯಾರದ್ದೋ ಸೌಜನ್ಯದಿಂದ ಅದು ಮುಚ್ಚಿಕೊಂಡಿತ್ತು. ಆ ಸೌಜನ್ಯ ನಿಂತ ದಿನ ಪೆಟ್ಟು ಬಿದ್ದದ್ದು ತಪ್ಪು ಮಾಡಿದವರಿಗಲ್ಲ, ಹಾಡು ಕೇಳ್ತಾ ಕೂತಿದ್ದವರಿಗೆ. ‘ಓಡ್ತಿದೆ’ ಅನ್ನೋದೂ ‘ಸರಿ ಇದೆ’ ಅನ್ನೋದೂ ಬೇರೆ ಬೇರೆ ಅಂತ ನಾನು ಹೇಳೋದು ಇದಕ್ಕೇ.

ಹಾಗಿದ್ರೆ ಏನು ಮಾಡಬೇಕು

ಕೋಡ್ ಬರೆಯೋರಿಗೆ ಕೆಲವು ಮಾತು.

ಒಂದು. ಎರಡು ಜಾಗ ಬೇರೆ ಬೇರೆ ಅಂತ ನೀವು ಕಾರಣ ಕೊಟ್ಟು ಹೇಳಬಲ್ಲಿರಾ? ಉದಾಹರಣೆಗೆ ಹೊಸದಾಗಿ ಪಡೆದ ಮೆಮೊರಿಗೆ ಹಳೆಯದರಿಂದ ನಕಲು. ಆಗ ಮೆಮ್‌ಕಾಪಿ. ಒಂದೇ ಅರೇ ಒಳಗೆ ಸರಿಸ್ತಿದ್ದರೆ, ಅಥವಾ ಸ್ವಲ್ಪ ಅನುಮಾನ ಇದ್ದರೂ ಮೆಮ್‌ಮೂವ್. ದಿಕ್ಕು ನೋಡೋ ಆ ಒಂದು ಹೋಲಿಕೆಗೆ ಆಗೋ ಖರ್ಚು ಬಹುತೇಕ ಲೆಕ್ಕಕ್ಕೇ ಬರಲ್ಲ.

ಎರಡು. ಕಣ್ಣಿಗೆ ಬೀಳದ್ದನ್ನ ಹಿಡಿಯೋ ಸಾಧನಗಳಿವೆ. ವಾಲ್‌ಗ್ರಿಂಡ್ ಮತ್ತು ಅಡ್ರೆಸ್ ಸ್ಯಾನಿಟೈಸರ್ ಎರಡೂ ಮೆಮ್‌ಕಾಪಿಗೆ ಹಾಯ್ದ ಜಾಗ ಕೊಟ್ಟರೆ ಬೆರಳು ತೋರಿಸ್ತವೆ. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಇನ್ನೂ ಕಠಿಣ. ಅಲ್ಲಿ ಹಾಯ್ದ ಜಾಗಕ್ಕೆ ಮೆಮ್‌ಕಾಪಿ ಕರೆದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತೆ. ಒರಟು ಅನಿಸಬಹುದು, ಆದ್ರೆ ಸದ್ದಿಲ್ಲದೆ ಡೇಟಾ ಕೆಡೋದಕ್ಕಿಂತ ಸದ್ದು ಮಾಡಿ ನಿಲ್ಲೋದು ಮೇಲು.

ಮೂರು. ಸ್ವಂತ ಕರ್ನಲ್ ಬರೆಯೋ ಹುಚ್ಚು ಇರೋರಿಗೆ. ಅಲ್ಲಿ ಸಿದ್ಧ ಲೈಬ್ರರಿ ಇರಲ್ಲ, ಮೆಮ್‌ಮೂವ್ ನೀವೇ ಬರೀಬೇಕು. ಜಿಸಿಸಿ ತಾನಾಗೇ ಮೆಮ್‌ಕಾಪಿ, ಮೆಮ್‌ಮೂವ್ ಕರೆಗಳನ್ನ ಹುಟ್ಟಿಸುತ್ತೆ, ಹಾಗಾಗಿ ಬರೆಯದೆ ವಿಧಿಯಿಲ್ಲ. ಇನ್ನೊಂದು ತಮಾಷೆ: ನೀವು ಬರೆದ ನಕಲಿನ ಲೂಪ್ ನೋಡಿ ಕಂಪೈಲರ್ ‘ಓ, ಇದು ಮೆಮ್‌ಮೂವ್ ಥರ ಇದೆ’ ಅಂತ ಲೂಪ್ ತೆಗೆದು ಮೆಮ್‌ಮೂವ್ ಕರೆಯನ್ನೇ ಹಾಕಬಹುದು. ಮೆಮ್‌ಮೂವ್ ತನ್ನನ್ನ ತಾನೇ ಕರೆದುಕೊಂಡು ಕೊನೆಯೇ ಇಲ್ಲದೆ ಸುತ್ತುತ್ತೆ. ಅದನ್ನ ತಡೆಯೋ ಆಯ್ಕೆ ಜಿಸಿಸಿಯಲ್ಲೇ ಇದೆ, ಆ ಫೈಲಿಗೆ ಹಾಕಿಕೊಳ್ಳಬೇಕು.

ನಾಲ್ಕು. ವಿಳಾಸ ಹೋಲಿಸಿ ಹಾಯ್ದಿದೆಯೋ ಇಲ್ಲವೋ ಹೇಳ್ತೀವಿ ಅಂದೆ. ಆದ್ರೆ ಆಪರೇಟಿಂಗ್ ಸಿಸ್ಟಮ್ ಒಂದೇ ಭೌತಿಕ ಮೆಮೊರಿ ಪುಟಕ್ಕೆ ಎರಡು ಬೇರೆ ಬೇರೆ ವಿಳಾಸ ಕೊಡಬಲ್ಲದು. ಒಂದೇ ಮನೆಗೆ ಎರಡು ಓಣಿಯಿಂದ ಎರಡು ಬಾಗಿಲು ಇದ್ದ ಹಾಗೆ. ಆಗ ವಿಳಾಸಗಳು ದೂರ ದೂರ ಕಾಣ್ತವೆ, ಜಾಗ ಒಂದೇ. ಮೆಮ್‌ಮೂವ್‌ಗೂ ಇದು ಗೊತ್ತಾಗಲ್ಲ. ಪುಟಗಳ ಜೊತೆ ಆಟ ಆಡೋ ಕೋಡ್ ಬರೆಯೋರು ಇದನ್ನ ತಾವೇ ನೋಡಿಕೊಳ್ಳಬೇಕು.

ಸಿ ಬಿಟ್ಟು ಬೇರೆ ಭಾಷೆ ಬಳಸೋರಿಗೆ: ಗೋ ಭಾಷೆಯ ಕಾಪಿ, ಜಾವಾದ ಅರೇಕಾಪಿ ಎರಡೂ ಹಾಯ್ದ ಜಾಗವನ್ನ ಸರಿಯಾಗಿ ನಿಭಾಯಿಸ್ತವೆ. ರಸ್ಟ್‌ನಲ್ಲಿ ಹೆಸರನ್ನೇ ಉಲ್ಟಾ ಮಾಡಿದ್ದಾರೆ. ಚಿಕ್ಕ ಹೆಸರಿನ ‘ಕಾಪಿ’ ಸುರಕ್ಷಿತ. ಮಾತು ಕೊಟ್ಟು ಬಳಸಬೇಕಾದದ್ದಕ್ಕೆ ‘ಕಾಪಿ ನಾನ್‌ಓವರ್‌ಲ್ಯಾಪಿಂಗ್’ ಅಂತ ಉದ್ದದ ಹೆಸರು. ಟೈಪ್ ಮಾಡುವಾಗಲೇ ಏನು ಮಾತು ಕೊಡ್ತಿದ್ದೀವಿ ಅಂತ ನೆನಪಾಗುತ್ತೆ. ನನಗೆ ಇದು ಹಿಡಿಸಿದ ಪದ್ಧತಿ.

ಕೊನೆಗೆ ಒಂದು ಮನೆಗೆಲಸ. ಲ್ಯಾಪ್‌ಟಾಪ್ ಇಲ್ಲ ಅಂತ ಯೋಚಿಸಬೇಡಿ. ಆಂಡ್ರಾಯ್ಡ್ ಫೋನಲ್ಲಿ ಟರ್ಮಕ್ಸ್ ಆಪ್ ಹಾಕಿಕೊಂಡರೆ ಕ್ಲ್ಯಾಂಗ್ ಕಂಪೈಲರ್ ಸಿಗುತ್ತೆ, ಸಿ ಪ್ರೋಗ್ರಾಂ ಫೋನಲ್ಲೇ ಓಡುತ್ತೆ. 27 ಬೈಟಿಗಿಂತ ಸ್ವಲ್ಪ ದೊಡ್ಡ ಅರೇ ತಗೊಳ್ರಿ, ಅದರಲ್ಲಿ ‘ಗುರುಗುಟಾ’ ತುಂಬಿಸಿ, ಆರು ಬೈಟನ್ನ ಮೊದಲು ಎಡದಿಂದ, ಆಮೇಲೆ ಬಲದಿಂದ, ಒಂದೊಂದೇ ಬೈಟಿನಂತೆ ಸರಿಸಿ ಸೊನ್ನೆ ಹಾಕ್ರಿ. ಸೊನ್ನೆಯ ಮೂರು ಬೈಟ್ 224, 178, 130. ಒಂದರಲ್ಲಿ ಊರಿನ ಹೆಸರು ಬರುತ್ತೆ, ಇನ್ನೊಂದರಲ್ಲಿ ‘ಟ’ ಎರಡು ಸಲ ಬರುತ್ತೆ. ಅದು ಆದಮೇಲೆ ಸ್ವಂತ ಮೆಮ್‌ಮೂವ್ ಬರೀರಿ. ಉದ್ದ ಸೊನ್ನೆ ಇದ್ದಾಗ, ಎರಡೂ ವಿಳಾಸ ಒಂದೇ ಇದ್ದಾಗ, ಪೂರ್ತಿ ಬೇರೆ ಜಾಗ ಇದ್ದಾಗ, ಒಂದೇ ಬೈಟ್ ಹಾಯ್ದಿದ್ದಾಗ, ಹೀಗೆ ಎಲ್ಲಾ ಸಂದರ್ಭದಲ್ಲೂ ಪರೀಕ್ಷೆ ಮಾಡ್ರಿ. ನಿಮ್ಮ ಊರಿನ ಹೆಸರಿಟ್ಟು ಮಾಡಿದ್ರೂ ನಡೆಯುತ್ತೆ. ಸಿಂಧನೂರು, ಮಸ್ಕಿ ಎರಡರಲ್ಲೂ ಒತ್ತಕ್ಷರವೋ ಸೊನ್ನೆಯೋ ಇದ್ದೇ ಇದೆ, ಬೈಟ್ ಎಣಿಸೋದೇ ಒಂದು ಅಭ್ಯಾಸ.

ಇವತ್ತಿಗೆ ಇಷ್ಟು. ಸಿ ಪರೀಕ್ಷೆ ಹತ್ತಿರ ಇರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ.